ಹಂಗರಗಿಯ ಹೊಲ, ನುಕುಸಿನ ಮೇಜು

ತನ್ನ ಹೊಲದ ಹಣೆಬರಹ ಮೂರು ಸಾವಿರ ಕಿಲೋಮೀಟರ್ ಆಚೆಯ ಒಬ್ಬ ಹೆಣ್ಣುಮಗಳಿಗೆ ಗೊತ್ತಿದೆ, ತನಗೆ ಮಾತ್ರ ಗೊತ್ತಿಲ್ಲ ಎಂಬ ಸಂಗತಿ ಸುಗಲಾಳಿಗೆ ಮೊದಲ ವಾರ ತಮಾಷೆಯಾಗಿ ಕಂಡಿತು. ಎರಡನೆಯ ವಾರ ಅದು ಕಾಲಲ್ಲಿ ಮುರಿದ ಮುಳ್ಳಿನಂತೆ ಚುಚ್ಚತೊಡಗಿತು. ಮೂರನೆಯ ವಾರದ ಹೊತ್ತಿಗೆ ಕೂತಲ್ಲಿ ಕೂರಲಾಗದೆ, ನಿಂತಲ್ಲಿ ನಿಲ್ಲಲಾಗದೆ, ಪಾಠದ ನಡುವೆ ಸೀಮೆಸುಣ್ಣ ಹಿಡಿದು ಕಿಟಕಿಯಾಚೆ ನೋಡುತ್ತ ನಿಂತುಬಿಡುವ ಚಟ ಅವಳಿಗೆ ಹತ್ತಿಕೊಂಡಿತು.

ಸುಗಲಾ ತಾಲೂಕು ಪಟ್ಟಣದ ಪದವಿ ಕಾಲೇಜಿನಲ್ಲಿ ಹತ್ತೊಂಬತ್ತು ವರ್ಷದಿಂದ ಭೂಗೋಳ ಕಲಿಸುತ್ತಿದ್ದಳು. ಗಂಡ ಶಿವಪುತ್ರ ಕೃಷ್ಣಾ ನದಿಯ ದಂಡೆಯ ಹೊಳೆಹಂಗರಗಿಯಲ್ಲಿ ಏಳೆಕರೆ ಎರೆಹೊಲದಲ್ಲಿ ಕಬ್ಬು ಬೆಳೆಯುತ್ತಿದ್ದ. ಊರಿನಿಂದ ಕಾಲೇಜಿಗೆ ಬಸ್ಸಿನಲ್ಲಿ ಮುಕ್ಕಾಲು ತಾಸು. ಮುಂಜಾನೆ ರೊಟ್ಟಿ ಬಡಿದು ಬುತ್ತಿ ಕಟ್ಟಿಕೊಂಡು ಹೋಗಿ ವಿದ್ಯಾರ್ಥಿಗಳಿಗೆ ಮಣ್ಣಿನ ವಿಧಗಳನ್ನು ಬರೆಸುವುದು, ಸಂಜೆ ಮಣ್ಣು ಮೆತ್ತಿಕೊಂಡು ಬಂದ ಗಂಡನ ಕಾಲಿಗೆ ನೀರು ಕೊಡುವುದು ಅವಳ ದಿನಚರಿ. ಆ ಮಣ್ಣೂ ಈ ಮಣ್ಣೂ ಒಂದೇ ಎಂದು ಅವಳಿಗೆ ತಿಳಿಯದೆ ಇರಲಿಲ್ಲ. ಎರಡನ್ನೂ ಹೊಂದಿಸಿ ನೋಡುವ ಪ್ರಸಂಗ ಬಂದಿರಲಿಲ್ಲ, ಅಷ್ಟೆ.

ಪ್ರಸಂಗ ಬಂದದ್ದು ಒಂದು ಮೇಜಿನ ರೂಪದಲ್ಲಿ. ಹನ್ನೊಂದು ದೇಶಗಳ ಕಾಲೇಜುಗಳು ಸೇರಿ 'ಮನುಷ್ಯ ಮತ್ತು ಪರಿಸರ' ಎಂಬ ಪತ್ರಿಕೆಗೆ ಒಂದು ಹೊಸ ಪಾಠಕ್ರಮ ಹೂಡಿದ್ದವು. ಸೇರಿದ ಪ್ರತಿ ಕಾಲೇಜಿಗೂ ಒಂದು ಮೇಜು ಬಂತು. ಮಂಚದಷ್ಟು ಅಗಲದ ಆ ಮೇಜಿನ ಮೇಲೆ ಸಾಸಿವೆಗಿಂತ ಸಣ್ಣ ಲಕ್ಷಾಂತರ ಕಾಳುಗಳು. ಕೆಳಗಿನ ಅಯಸ್ಕಾಂತಗಳು ಎಳೆದಂತೆ ಆ ಕಾಳುಗಳು ಎದ್ದು ದಿನ್ನೆಯಾಗುತ್ತಿದ್ದವು, ಕುಸಿದು ಹಳ್ಳವಾಗುತ್ತಿದ್ದವು, ನೀರಿದ್ದಲ್ಲಿ ನೀಲಿ, ಬೆಳೆಯಿದ್ದಲ್ಲಿ ಹಸಿರು, ಕೆಟ್ಟ ನೆಲದಲ್ಲಿ ಬಿಳಿ ತೋರಿಸುತ್ತಿದ್ದವು. ಯಾವುದೋ ದೇಶದ ಒಂದು ತುಂಡು ನೆಲವನ್ನು ಅದಕ್ಕೆ ಕೊಟ್ಟರೆ ಮುಂದಿನ ಮೂವತ್ತು ವರ್ಷವನ್ನು ಅರ್ಧ ತಾಸಿನಲ್ಲಿ ನಡೆಸಿ ತೋರಿಸುತ್ತಿತ್ತು, ನಿಮಿಷಕ್ಕೊಂದು ವರ್ಷ. ಮಳೆ, ಮಣ್ಣು, ಉಪಗ್ರಹದ ಚಿತ್ರ ಇವೆಲ್ಲ ಹಳೆಯ ಯಂತ್ರಗಳಿಗೂ ಗೊತ್ತಿದ್ದ ವಿದ್ಯೆಯೇ. ಈ ಮೇಜಿನ ಹೆಚ್ಚುಗಾರಿಕೆಯೆಂದರೆ ಅದು ಮನುಷ್ಯರನ್ನೂ ಲೆಕ್ಕಕ್ಕೆ ಹಿಡಿಯುತ್ತಿತ್ತು. ಅಲ್ಲಿನ ಜನ ಯಾವಾಗ ಏನು ಬಿತ್ತುತ್ತಾರೆ, ನೀರು ಹೇಗೆ ಬಿಡುತ್ತಾರೆ, ಎಷ್ಟು ಗೊಬ್ಬರ ಸುರಿಯುತ್ತಾರೆ ಎಂಬ 'ನಡತೆಪಟ್ಟಿ'ಯನ್ನು ವಿದ್ಯಾರ್ಥಿಗಳು ಮನೆಮನೆಗೆ ಹೋಗಿ ಬರೆದು ತಂದು ಕೊಡಬೇಕಿತ್ತು.

ಇದಕ್ಕೆಲ್ಲ ಒಂದೇ ಒಂದು ಕಟ್ಟುನಿಟ್ಟು. ಯಾವ ತರಗತಿಯೂ ತನ್ನ ನೆಲವನ್ನು ತಾನೇ ನೋಡುವಂತಿಲ್ಲ. ನಮ್ಮ ಪಟ್ಟಿ ಅವರಿಗೆ, ಅವರ ಪಟ್ಟಿ ನಮಗೆ. ಸೆಮಿಸ್ಟರ್ ಕೊನೆಯ ವಿಚಾರ ಸಂಕಿರಣದವರೆಗೆ ಪರಸ್ಪರ ಬಾಯಿ ಬಿಡಬಾರದು. ತಮ್ಮ ಮುಂದಿನ ದಿನ ನೋಡಿದವರು ತಮ್ಮ ನಡತೆ ಬದಲಿಸುತ್ತಾರೆ, ಆಗ ಮೇಜಿನ ಲೆಕ್ಕ ಕೆಡುತ್ತದೆ ಎಂಬುದು ಅದನ್ನು ಕಟ್ಟಿದವರ ವಾದ. ತನ್ನ ಬೆನ್ನು ತನಗೆ ಕಾಣದು ಎಂಬ ಗಾದೆಯನ್ನು ಹೇಳಿ ಸುಗಲಾ ತನ್ನ ವಿದ್ಯಾರ್ಥಿಗಳಿಗೆ ಈ ನಿಯಮವನ್ನು ಒಪ್ಪಿಸಿದ್ದಳು.

ಅವಳ ತರಗತಿಗೆ ಜೋಡಿಯಾಗಿ ಬಂದದ್ದು ಅರಲ್ ಸಮುದ್ರ ಬತ್ತಿಹೋದ ಸೀಮೆಯ, ನುಕುಸ್ ಪಟ್ಟಣದ ಹತ್ತಿರದ ಒಂದು ಕಾಲೇಜು. ಅಲ್ಲಿನ ಹತ್ತಿಯ ಹೊಲಗಳ ಒಂದು ಹಳ್ಳಿ ಇಲ್ಲಿನ ಮೇಜಿನ ಮೇಲೆ ಬಂತು. ಇಲ್ಲಿಂದ ಯಾವ ನೆಲ ಕಳಿಸೋಣ ಎಂದಾಗ ಓಡಾಟಕ್ಕೆ ಅನುಕೂಲವೆಂದು ಸುಗಲಾ ತನ್ನ ಗಂಡನೂರಿನ ಕೆಳಗಿನ ಹರವನ್ನೇ ಸೂಚಿಸಿದಳು. ಹದಿನೆಂಟು ಮನೆಗಳ ಹೊಲ ಒಂದಕ್ಕೊಂದು ಅಂಟಿಕೊಂಡಿರುವ ತಗ್ಗಿನ ಭೂಮಿ ಅದು. ಅವರ ಏಳೆಕರೆ ಅದರ ನಟ್ಟನಡುವೆ ಇತ್ತು. ಬಸ್ ಚಾರ್ಜು ಉಳಿಸಲು ಹೋಗಿ ನೆಮ್ಮದಿ ಕಳಕೊಂಡೆ ಎಂದು ಅವಳು ಆಮೇಲೆ ತನ್ನನ್ನೇ ಬೈದುಕೊಂಡಳು.

ಮನೆಯಲ್ಲಿ ಶಿವಪುತ್ರನಿಗೂ ಆ ತಿಂಗಳು ನೆಮ್ಮದಿ ಇರಲಿಲ್ಲ. ಸುತ್ತಲಿನ ಊರುಗಳಲ್ಲಿ ಹೊಳೆಯ ನೀರು ಬಂದ ಮೂವತ್ತು ವರ್ಷದಲ್ಲಿ ಒಳ್ಳೊಳ್ಳೆಯ ಎರೆಹೊಲಗಳು ಸವಳು ಬಿದ್ದಿದ್ದವು. ನೀರು ಹೆಚ್ಚಾಗಿ ನೆಲದೊಳಗೆ ನಿಂತು, ದೀಪದ ಬತ್ತಿ ಎಣ್ಣೆ ಎಳೆದಂತೆ ಮಣ್ಣು ಆ ನೀರನ್ನು ಮೇಲಕ್ಕೆ ಎಳೆದು, ಬಿಸಿಲಿಗೆ ನೀರು ಆರಿ ಉಪ್ಪು ಮಾತ್ರ ಮೇಲೆ ಉಳಿಯುತ್ತಿತ್ತು. ಅತಿಯಾದರೆ ಅಮೃತವೂ ವಿಷ ಎಂಬುದಕ್ಕೆ ಆ ಸೀಮೆಯಲ್ಲಿ ಬೇರೆ ಪುರಾವೆ ಬೇಕಿರಲಿಲ್ಲ. ಇದಕ್ಕಿರುವ ಮದ್ದು ಬಸಿಗಾಲುವೆ. ನಾಲ್ಕಡಿ ಆಳದಲ್ಲಿ ತೂತಿನ ಕೊಳವೆಗಳನ್ನು ಹಾಸಿ, ಹೆಚ್ಚಿನ ನೀರನ್ನು ಉಪ್ಪಿನ ಸಮೇತ ಹಳ್ಳಕ್ಕೆ ಬಿಡುವುದು. ಹಂಗರಗಿಯ ಕೆಳಗಿನ ಹರವಿಗೂ ಅದನ್ನು ಹಾಕಿಕೊಡಲು ನೀರಾವರಿ ಕಚೇರಿಯವರು ಒಪ್ಪಿದ್ದರು. ಆದರೆ ಕೊಳವೆ ಹದಿನೆಂಟೂ ಹೊಲ ದಾಟಿ ಹೋಗಬೇಕು, ಒಬ್ಬ ಒಲ್ಲೆ ಎಂದರೂ ಕೆಲಸ ನಿಲ್ಲುತ್ತದೆ, ಎಲ್ಲರೂ ಕಬ್ಬು ಕಿತ್ತು ಒಂದು ವರ್ಷ ಹೊಲವನ್ನು ಬೀಳು ಬಿಡಬೇಕು. ಒಪ್ಪಿಗೆಯ ಸಹಿಗೆ ತಿಂಗಳ ಕೊನೆಯ ಗಡುವು. ನಮ್ಮ ಹೊಲ ಇನ್ನೂ ಗಟ್ಟಿಯಾಗಿದೆ, ಇಲ್ಲದ ರೋಗಕ್ಕೆ ಯಾಕೆ ಔಷಧ ಎಂದು ಅರ್ಧ ಜನ, ಬಂದ ಮೇಲೆ ಔಷಧವೂ ಹತ್ತುವುದಿಲ್ಲ ಎಂದು ಇನ್ನರ್ಧ ಜನ. ಶಿವಪುತ್ರನ ಮಾತಿಗೆ ಊರಲ್ಲಿ ತೂಕವಿತ್ತು, ಅವನು ವಾಲಿದ ಕಡೆಗೆ ಊರು ವಾಲುತ್ತಿತ್ತು. ಅವನು ಮಾತ್ರ ಯಾವ ಕಡೆಗೂ ವಾಲದೆ ದಿನ ತಳ್ಳುತ್ತಿದ್ದ.

ಒಂದು ಸಂಜೆ ಚಹಾದ ಬಸಿ ಕೆಳಗಿಟ್ಟು ಅವನು ಹೆಂಡತಿಯನ್ನು ನೇರವಾಗಿ ಕೇಳಿದ. "ಆ ನುಕುಸಿನ ಆಕಿಗೆ ಒಂದ್ ಮಾತು ಕೇಳಾಕ ನಿನಗೇನ್ ಕಷ್ಟ? ನಮ್ಮ ಹೊಲ ಉಳಿತೈತೋ ಇಲ್ಲೋ, ಅಷ್ಟ."

ಸುಗಲಾ ನಿಯಮ ಹೇಳಿದಳು. ಗುಟ್ಟು ಒಡೆದರೆ ಮೇಜು ವಾಪಸು ಹೋಗುತ್ತದೆ, ನಲವತ್ತು ಮಕ್ಕಳ ಒಂದು ಪತ್ರಿಕೆಯ ಅಂಕ ಹೋಗುತ್ತದೆ ಎಂದಳು.  ಆ ವಾರವೆಲ್ಲ ಅವನು ಊಟಕ್ಕೆ ಕೂತು ಅರ್ಧಕ್ಕೇ ಕೈ ತೊಳೆಯುವುದನ್ನೂ, ಬೆಳಕು ಹರಿಯುವ ಮುಂಚೆಯೇ ಎದ್ದು ಹೊಲಕ್ಕೆ ಹೋಗುವುದನ್ನೂ ಅವಳು ನೋಡಿದಳು. ಅಪರೂಪಕ್ಕೆ ಬಾಯಿಬಿಟ್ಟು ಕೇಳಿದ ಮನುಷ್ಯ.  ಕೇಳುವ ಆಸೆ ಅವಳಿಗೇ ಅವನಿಗಿಂತ ಹೆಚ್ಚಾಗಿತ್ತು ಎಂಬುದೂ ಸುಳ್ಳಲ್ಲ.

ನುಕುಸಿನ ಕಡೆಯ ಅಧ್ಯಾಪಕಿಯ ಹೆಸರು ಐಸಾನೆಮ್. ನಲವತ್ತರ ಆಸುಪಾಸಿನ, ತಲೆಗೆ ಹೂವಿನ ಬಟ್ಟೆ ಕಟ್ಟುವ, ನಕ್ಕರೆ ಒಂದು ಚಿನ್ನದ ಹಲ್ಲು ಕಾಣುವ ಹೆಣ್ಣುಮಗಳು. ಅವಳ ಗಂಡನೂ ಒಕ್ಕಲಿಗ, ಅವಳೂ ಇವಳಂತೆ ತನ್ನ ಊರನ್ನೇ ಮೇಜಿಗೆ ಕೊಟ್ಟಿದ್ದಳು. ಪ್ರತಿ ಗುರುವಾರ ಇಬ್ಬರೂ ತೆರೆಯ ಮೇಲೆ ಮುಖಾಮುಖಿಯಾಗುತ್ತಿದ್ದರು. ಕಿವಿಗೆ ಸಿಕ್ಕಿಸಿಕೊಂಡ ಅನುವಾದದ ಗುಂಡಿ ಅವಳ ಮಾತನ್ನು ಕನ್ನಡ ಮಾಡಿ ಹೇಳುತ್ತಿತ್ತು. ಅದು ಆಡುತ್ತಿದ್ದದ್ದು ಪಠ್ಯಪುಸ್ತಕದ ಕನ್ನಡ. ಹಂಗರಗಿಯ ಮಾತು ಅದಕ್ಕೆ ತಿಳಿಯುತ್ತಿರಲಿಲ್ಲವಾದ್ದರಿಂದ ಸುಗಲಾಳೂ ರೇಡಿಯೋ ವಾರ್ತೆ ಓದುವವರ ಹಾಗೆ ಮಾತಾಡಬೇಕಾಗುತ್ತಿತ್ತು.

ಆ ಗುರುವಾರ ವಿದ್ಯಾರ್ಥಿಗಳೆಲ್ಲ ಹೋದ ಮೇಲೂ ಸುಗಲಾ ತೆರೆ ಆರಿಸಲಿಲ್ಲ. ಆ ಕಡೆ ಐಸಾನೆಮ್ ಕೂಡ ಏಳಲಿಲ್ಲ. ಹವಾಮಾನ, ಮಕ್ಕಳು, ಅತ್ತೆಯ ಮೊಣಕಾಲು ನೋವು ಎಲ್ಲ ಆಯಿತು. ಕೊನೆಗೆ ಸುಗಲಾ ತನ್ನ ಗಂಡ ಸರಿಯಾಗಿ ಉಣ್ಣುತ್ತಿಲ್ಲ ಎಂದು ಹೇಳಿದಳು, ಯಾಕೆಂದೂ ಹೇಳಿದಳು. ಐಸಾನೆಮ್ ತನ್ನ ಉಂಗುರ ತಿರುಗಿಸಿದಳು. ನಾನೂ ಇದನ್ನೇ ಕೇಳಬೇಕೆಂದು ಎರಡು ವಾರದಿಂದ ಒದ್ದಾಡುತ್ತಿದ್ದೆ ಎಂದಳು. ಆಮೇಲೆ ಅನುವಾದದ ಗುಂಡಿ ಸುಗಲಾಳ ಕಿವಿಯಲ್ಲಿ ನಿಧಾನವಾಗಿ ಉಸುರಿತು: "ನಿಮ್ಮ ಭೂಮಿಯು ಮೂವತ್ತು ವರ್ಷವೂ ಹಸಿರಾಗಿಯೇ ಇರುತ್ತದೆ. ಒಂದು ಬಿಳಿಯ ಚುಕ್ಕೆಯನ್ನೂ ನಾವು ಕಾಣಲಿಲ್ಲ."

ಸುಗಲಾಳಿಗೆ ಹಾಲು ಕುಡಿದಷ್ಟು ಸಂತೋಷವಾಯಿತು. ಋಣ ಉಳಿಸಿಕೊಳ್ಳಬಾರದೆಂದು ಅವಳೂ ಹೇಳಿದಳು, ನಿಮ್ಮ ಹಳ್ಳಿಯೂ ನಮ್ಮ ಮೇಜಿನ ಮೇಲೆ ಕೊನೆಯವರೆಗೂ ಹಸಿರೇ ಎಂದು. ಅದು ನಿಜವೂ ಆಗಿತ್ತು. ಇಬ್ಬರೂ ಕಣ್ಣೊರೆಸಿಕೊಂಡು ನಕ್ಕರು. ಇಬ್ಬರು ಹೆಂಗಸರು ಒಂದು ನಿಯಮ ಮುರಿದರೆ ಪ್ರಪಂಚವೇನೂ ಮುಳುಗುವುದಿಲ್ಲ ಎಂದುಕೊಂಡು ಸುಗಲಾ ಬಸ್ಸು ಹತ್ತಿದಳು.

ಮೇಜು ಹೇಳಿದ್ದನ್ನು ಕೇಳಿದ ಶಿವಪುತ್ರ ಎರಡು ಸಲ ಕೇಳಿ ಖಾತ್ರಿ ಮಾಡಿಕೊಂಡ. ಅಂದು ಅವನು ಎರಡು ರೊಟ್ಟಿ ಹೆಚ್ಚು ತಿಂದ. ಯಾರಿಗೂ ಹೇಳಬೇಡಿ ಎಂದು ಅವಳು ಹೇಳಿದ್ದು ನಿಜ, ಅವನು ತಲೆ ಆಡಿಸಿದ್ದೂ ನಿಜ. ಆದರೆ ಹಂಗರಗಿಯಲ್ಲಿ ಗುಟ್ಟು ಎಂದರೆ ಒಬ್ಬೊಬ್ಬರಿಗೇ ಹೇಳುವ ಸುದ್ದಿ. ವಾರದೊಳಗೆ ಹರವಿನ ಹದಿನೆಂಟು ಮನೆಗೂ ಗೊತ್ತಾಯಿತು: ಪರದೇಶದ ಮಷೀನು ನಮ್ಮ ಹೊಲಕ್ಕೆ ಮೂವತ್ತು ವರ್ಷದ ಗ್ಯಾರಂಟಿ ಕೊಟ್ಟಿದೆ. ಬಸಿಗಾಲುವೆಯ ಸಹಿಯ ಹಾಳೆ ಸೊಸೈಟಿಯ ಕಪಾಟಿನಲ್ಲಿ ಹಾಗೇ ಉಳಿಯಿತು. ಸುದ್ದಿ ಅಷ್ಟೊಂದು ಬೇಗ ಹಬ್ಬಿದ್ದು ಸುಗಲಾಳಿಗೆ ಹಿಡಿಸಲಿಲ್ಲ. ಸುದ್ದಿ ಒಳ್ಳೆಯದೇ ಅಲ್ಲವೇ ಎಂದು ಸಮಾಧಾನ ಮಾಡಿಕೊಂಡಳು.

ಮುಂದಿನ ರವಿವಾರ ಶಿವಪುತ್ರ ಒಂದು ಮದುವೆಗೆಂದು ಬೆಳಿಗ್ಗೆಯೇ ಪಟ್ಟಣಕ್ಕೆ ಹೋಗಿದ್ದ. ಮಧ್ಯಾಹ್ನ ಸುಗಲಾ ರಾಜಗಿರಿ ಸೊಪ್ಪು ಕಿತ್ತು ತರಲು ಹೊಲಕ್ಕೆ ಹೋದಳು. ಬದುವಿನ ಮೇಲೆ ಸೊಪ್ಪು ಬಿಡಿಸುತ್ತಿದ್ದಾಗ ಬೀಗ ಹಾಕಿದ ಪಂಪಿನ ಕೋಣೆಯಿಂದ ಮೋಟಾರು ತಾನಾಗಿಯೇ ಗುಡುಗಿತು. ಹಿಂದೆಯೇ ಪಕ್ಕದ ಹೊಲದ್ದು, ಅದರಾಚೆಯದು. ಯಾರೂ ಗುಂಡಿ ಒತ್ತದೆಯೇ ಹರವಿನಲ್ಲಿ ಹದಿನೆಂಟು ಮೋಟಾರುಗಳು ಒಟ್ಟಿಗೆ ನೀರು ಕಾರತೊಡಗಿದವು. ಕಬ್ಬಿನ ಸಾಲುಗಳಲ್ಲಿ ಮೊದಲೇ ಪಾದ ಮುಳುಗುವಷ್ಟು ನೀರಿತ್ತು. ಅದರ ಮೇಲೆ ಮತ್ತೆ ನೀರು ಹರಿಯಿತು.

ದಿನಾ ಕೇಳುವ ಸದ್ದು ಅದು. ಅವಳು ಸೊಪ್ಪು ಬಿಡಿಸುತ್ತಲೇ ಇದ್ದಳು. ಆಮೇಲೆ ಅವಳ ಕೈ ನಿಂತಿತು. ಆಚೆ ಬದುವಿನ ಬೇವಿನ ಗಿಡದ ಕೆಳಗೆ ಕೂತಿದ್ದ ಗುರುಪಾದಪ್ಪನನ್ನು ಅವಳು ಕೇಳಿದಳು, ಎಪ್ಪತ್ತು ದಾಟಿದ ಮನುಷ್ಯ, ಹರವಿನಲ್ಲಿ ಎಲ್ಲರಿಗಿಂತ ಹಿರಿಯ. "ಕಾಕಾ, ಇವತ್ತು ನಿಮ್ಮ ನೀರಿನ ಪಾಳಿ ಅಲ್ಲಲ್ರಿ. ಯಾಕ ನೀರು ಬಿಟ್ಟೀರಿ?"

"ನಾ ಎಲ್ಲಿ ಬಿಟ್ಟೀನವ್ವಾ?" ಎಂದ ಗುರುಪಾದಪ್ಪ, ಆಶ್ಚರ್ಯದಿಂದ. "ಕರೆಂಟ್ ಬಂದೈತಿ."

ಮೂರು ಫೇಸಿನ ಕರೆಂಟು ಹೇಳಿ ಕೇಳಿ ಬರುವುದಿಲ್ಲ. ಆದ್ದರಿಂದ ಎಲ್ಲರೂ ಮೋಟಾರಿಗೆ ಆಟೋ ಸ್ಟಾರ್ಟರ್ ಕೂರಿಸಿದ್ದರು. ಕರೆಂಟು ಬಂದಾಗ ಮೋಟಾರು ಶುರುವಾಗುತ್ತದೆ, ಹೋದಾಗ ನಿಲ್ಲುತ್ತದೆ, ನಡುವೆ ಹೊಲಕ್ಕೆ ನೀರು ಬೇಕೋ ಬೇಡವೋ ಯಾರೂ ಕೇಳುವುದಿಲ್ಲ. ಹಂಗರಗಿಯ ಲೆಕ್ಕದಲ್ಲಿ ನೀರು ಬಿಡುವುದೆಂದರೆ ಸಲಿಕೆ ಹಿಡಿದು ಹೋಗಿ, ಕಾಲುವೆಯ ಮಡೆ ಒಡೆದು, ಸಾಲಿಗೆ ತಿರುವುವುದು. ಅದು ಹನ್ನೆರಡು ದಿನಕ್ಕೊಮ್ಮೆಯೇ. ಉಳಿದದ್ದು ಕರೆಂಟಿನ ಕೆಲಸ, ಮನುಷ್ಯರದ್ದಲ್ಲ. ಸುಗಲಾಳಿಗೆ ನಡತೆಪಟ್ಟಿಯ ನೆನಪಾಯಿತು. ಸೊಪ್ಪನ್ನು ಅಲ್ಲೇ ಬಿಟ್ಟು ಅವಳು ಮನೆಗೆ ನಡೆದಳು.

ಸೋಮವಾರ ಕಾಲೇಜು ಶುರುವಾಗುವ ಮೊದಲೇ ಅವಳು ರೇಷ್ಮಾ ನದಾಫಳನ್ನು ಕರೆದು ಹಂಗರಗಿಯ ನಡತೆಪಟ್ಟಿಯ ಹಾಳೆಗಳನ್ನು ತೆಗೆಸಿದಳು. ರೇಷ್ಮಾ ಆ ಸಮೀಕ್ಷೆಯ ಮುಂದಾಳು, ತರಗತಿಯಲ್ಲೆಲ್ಲ ಅಚ್ಚುಕಟ್ಟಿನ ಹುಡುಗಿ. ಹದಿನೆಂಟು ಹಾಳೆಯಲ್ಲೂ ಒಂದೇ ಉತ್ತರ: ನೀರು ಬಿಡುವುದು ಹನ್ನೆರಡು ದಿನಕ್ಕೊಮ್ಮೆ, ಐದು ತಾಸು. ಕೆಳಗೆ ಪರಿಶೀಲಿಸಿದವರ ಸಹಿ ಸುಗಲಾಳದ್ದೇ. ತಾನು ಹದಿನೇಳು ವರ್ಷ ಆ ಮೋಟಾರಿನ ಸದ್ದು ಕೇಳಿ ಬಾಳಿದ ಸೊಸೆ, ಪ್ರತಿ ಹಾಳೆಯನ್ನೂ ಓದಿ ಸರಿ ಎಂದು ಗೀಟು ಹಾಕಿದ್ದಾಳೆ.

"ನಾನೂ ಅದ ಸೀಮಿ ಹುಡುಗಿ ಮೇಡಂ, ನಮ್ಮ ಮನ್ಯಾಗೂ ಆಟೋ ಐತಿ," ಎಂದಳು ರೇಷ್ಮಾ, ಹಾಳೆಗಳನ್ನೇ ನೋಡುತ್ತ. "ಯಾರೂ ಹೇಳ್ಲಿಲ್ಲ, ನಾನೂ ಕೇಳ್ಲಿಲ್ರಿ. ಅದನ್ನ ಕೇಳಬೇಕು ಅಂತ ಹೊಳೀಲೇ ಇಲ್ಲ."

ಸುಗಲಾ ಅವಳ ಮುಂದೆ ಎಲ್ಲವನ್ನೂ ಒಪ್ಪಿಕೊಂಡಳು, ಐಸಾನೆಮ್‌ಳನ್ನು ಕೇಳಿದ್ದು, ಗಂಡನಿಗೆ ಹೇಳಿದ್ದು, ಊರು ಸಹಿ ಬಿಟ್ಟದ್ದು. ರೇಷ್ಮಾ, ಹಾಗಾದರೆ ನಮ್ಮ ಅಂಕಗಳು ಹೋಗುತ್ತವೆಯೇ ಎಂದು ಕೇಳಿದಳು. ಹೋದರೂ ಹೋಗಬಹುದು ಎಂದಳು ಸುಗಲಾ. ಹುಡುಗಿಯ ಮುಖದಲ್ಲಿ ಸಿಟ್ಟು ಬಂತು, ಬಂದದ್ದು ನ್ಯಾಯವೂ ಆಗಿತ್ತು. ಆದರೆ ಅವಳು ಹೋಗಲಿಲ್ಲ. ಬ್ಯಾಗು ಕೆಳಗಿಟ್ಟು, ಲೈನ್‌ಮನ್‌ಗೆ ಫೋನು ಮಾಡಿ ಕಳೆದ ವರ್ಷ ದಿನಕ್ಕೆ ಎಷ್ಟು ತಾಸು ಕರೆಂಟು ಕೊಟ್ಟಿದ್ದರೆಂದು ಬರೆದುಕೊಳ್ಳತೊಡಗಿದಳು. ದಿನಕ್ಕೆ ಸರಾಸರಿ ಆರು ತಾಸು. ಐದು ತಾಸೆಂದು ಬರೆದ ಹನ್ನೆರಡು ದಿನದಲ್ಲಿ ಮೋಟಾರು ಓಡಿದ್ದು ಎಪ್ಪತ್ತೆರಡು ತಾಸು.

ಹೊಸ ಪಟ್ಟಿ ನುಕುಸಿಗೆ ಹೋಯಿತು. ಮಧ್ಯಾಹ್ನ ಐಸಾನೆಮ್ ತನ್ನ ಮೇಜಿನ ಮೇಲೆ ಕ್ಯಾಮೆರಾ ಹಿಡಿದಳು. ನಿಯಮವನ್ನು ಹೇಗೂ ಮುರಿದಾಗಿತ್ತು, ಇನ್ನು ಮುಚ್ಚುಮರೆ ಯಾಕೆ ಎಂದಳು. ಸುಗಲಾ ಮೊದಲ ಸಲ ತನ್ನ ಹೊಲವನ್ನು ಮೇಲಿನಿಂದ ನೋಡಿದಳು. ಹಳ್ಳದ ತಿರುವು, ಗುರುಪಾದಪ್ಪನ ಬೇವಿನ ಗಿಡ, ತಮ್ಮ ಬಾವಿ, ಎಲ್ಲ ಕಾಳುಗಳಲ್ಲಿ ಪುಟ್ಟದಾಗಿ ಎದ್ದು ನಿಂತವು. ಮೊದಲ ಆರು ನಿಮಿಷ ಹಸಿರು. ಏಳನೆಯ ನಿಮಿಷಕ್ಕೆ ತಮ್ಮ ಹೊಲದ ತಗ್ಗಿನ ಮೂಲೆಯಲ್ಲಿ ಒಂದು ಬಿಳಿಯ ಚುಕ್ಕೆ ಮೂಡಿತು. ಹತ್ತಕ್ಕೆ ಅದು ಹಪ್ಪಳದಷ್ಟಾಯಿತು. ಹದಿನೆಂಟನೆಯ ನಿಮಿಷ ದಾಟುವಾಗ ಹರವಿನಲ್ಲಿ ಹಸಿರು ಎಂಬುದು ಬದುಗಳಲ್ಲಿ ಮಾತ್ರ ಇತ್ತು. ಉಳಿದ ನಿಮಿಷಗಳನ್ನು ಅವಳು ನೋಡಲಿಲ್ಲ. ತೆರೆಯ ಆ ಕಡೆ ಐಸಾನೆಮ್‌ಳೂ ಕಣ್ಣು ಬೇರೆ ಕಡೆ ತಿರುಗಿಸಿದ್ದಳು.

ಅಂದೇ ಸುಗಲಾ ಪಾಠಕ್ರಮದ ಸಂಚಾಲಕರಿಗೆ ತನ್ನ ತಪ್ಪನ್ನು ಬರೆದು ಕಳಿಸಿದಳು, ಶಿಕ್ಷೆ ತನಗಿರಲಿ, ಮಕ್ಕಳಿಗೆ ಬೇಡ ಎಂದೂ ಬರೆದಳು. ಮನೆಗೆ ಬಂದು ಗಂಡನಿಗೆ ಹೇಳಿದಾಗ ಅವನು ಬಯ್ಯಬಹುದು, ಸಿಡುಕಬಹುದು ಎಂದುಕೊಂಡಿದ್ದಳು. ಅವನು ಹೂಂ ಎಂದು ಮಾತ್ರ ಹೇಳಿ ಎದ್ದು ಹೋದ. ಅವಳಿಗೆ ಅದರಿಂದ ಬೈಗುಳಕ್ಕಿಂತ ಹೆಚ್ಚು ನೋವಾಯಿತು. ಸಹಿಯ ಗಡುವಿಗೆ ಉಳಿದದ್ದು ಎಂಟು ದಿನ.

ಶನಿವಾರ ಸಂಜೆ ನಾಲ್ಕಕ್ಕೆ ಸೊಸೈಟಿಯ ಪಡಸಾಲೆಯಲ್ಲಿ ಹರವಿನವರನ್ನೆಲ್ಲ ಸೇರಿಸಿದ್ದು ಸುಗಲಾಳೇ. ಊರ ಸೊಸೆ ಗಂಡಸರ ಸಭೆ ಕರೆಯುವ ವಾಡಿಕೆ ಅಲ್ಲಿ ಇರಲಿಲ್ಲ. ಸುದ್ದಿ ಅವಳ ಬಾಯಿಂದ ಹೊರಟದ್ದು, ಅವಳ ಬಾಯಿಂದಲೇ ವಾಪಸು ಬರಲಿ ಎಂದು ಬಂದರು. ಅವಳು ಗೋಡೆಯ ಮೇಲೆ ಐಸಾನೆಮ್ ಕಳಿಸಿದ ಚಿತ್ರ ಬಿಟ್ಟು ತೋರಿಸಿದಳು. ಮೊದಲು ತಾನು ಹೇಳಿದ್ದು ತಪ್ಪು, ಪಟ್ಟಿಯಲ್ಲಿ ಆಟೋ ಬಿಟ್ಟುಹೋಗಿತ್ತು, ಸರಿಪಡಿಸಿದ ಮೇಲೆ ಏಳನೆಯ ವರ್ಷಕ್ಕೆ ಸವಳು ಕಾಣಿಸುತ್ತದೆ, ಬಸಿಗಾಲುವೆಯೊಂದೇ ದಾರಿ ಎಂದು ಹೇಳಿ ಮುಗಿಸಿದಳು. 

ಯಾರೂ ಒಪ್ಪಲಿಲ್ಲ. ಹೋದ ವಾರ ಹಸಿರು ತೋರಿಸಿದ ಯಂತ್ರ ಈ ವಾರ ಬಿಳಿ ತೋರಿಸುತ್ತದೆ, ಬರುವ ವಾರ ಕೆಂಪು ತೋರಿಸಿದರೆ ಏನು ಮಾಡೋಣ ಎಂದು ಹಿಂದಿನಿಂದ ಒಬ್ಬ ನಗೆಯಾಡಿದ. ಏಳು ವರ್ಷ ಇದೆಯಲ್ಲ, ಆರನೆಯ ವರ್ಷಕ್ಕೆ ನೋಡೋಣ ಎಂದ ಇನ್ನೊಬ್ಬ. ಹೊಲ ನೋಡದವರು ಹೊಲದ ಬಗ್ಗೆ ಹೇಳುವುದೆಂದರೇನು ಎಂದು ಗುರುಪಾದಪ್ಪ ಮೆಲ್ಲಗೆ ಕೇಳಿದ. ಜನ ಏಳುವ ಅಂದಾಜಿನಲ್ಲಿದ್ದರು.  ಸುಗಲಾ ಮೂಲೆಯ ಕಂಬಕ್ಕೆ ಒರಗಿ ನಿಂತಿದ್ದ ಗಂಡನ ಕಡೆಗೆ ನೋಡಿದಳು, ಸಿಟ್ಟಿನಿಂದಲೋ ಆಸೆಯಿಂದಲೋ ಅವಳಿಗೇ ತಿಳಿಯದು.

ಶಿವಪುತ್ರ ಕಂಬ ಬಿಟ್ಟು ಮುಂದೆ ಬಂದ. ಹೆಗಲ ಮೇಲಿನ ಟವೆಲ್ಲು ತೆಗೆದು ಕೈಯಲ್ಲಿ ಸುತ್ತಿಕೊಂಡ.

"ಮಷೀನು ಏಳ ವರ್ಷ ಅಂತೈತಿ. ಅದು ಸುಳ್ಳು," ಎಂದ. "ನನ್ನ ಹೊಲದಾಗ ಸವಳು ಎದ್ದು ಮೂರ್ ವರ್ಷ ಆತು."

 ಅವನು ಯಾರ ಮುಖವನ್ನೂ ನೋಡದೆ ಹೇಳುತ್ತಾ ಹೋದ. ತಗ್ಗಿನ ಮೂಲೆಯಲ್ಲಿ ಮೊದಲು ಒಂದು ಅಂಗೈಯಷ್ಟು ಬಂತು. ಯಾರಾದರೂ ನೋಡಿಯಾರೆಂದು ಹೊತ್ತು ಮೂಡುವ ಮುಂಚೆ ಹೋಗಿ ಸಲಿಕೆಯಿಂದ ಕೆರೆದು, ಬುಟ್ಟಿಯಲ್ಲಿ ತುಂಬಿ ಹೊಳೆಗೆ ಚೆಲ್ಲಿದ. ಮರುವರ್ಷ ಒಂದು ಕಂಬಳಿಯಷ್ಟಾಯಿತು. ಈಗ ದಿನಾ ಕೆರೆದರೂ ತೀರುತ್ತಿಲ್ಲ. ಸುತ್ತ ಕಬ್ಬು ಎತ್ತರಕ್ಕೆ ಬೆಳೆದದ್ದರಿಂದ ಮೇಲಿನಿಂದಲೂ ಕಾಣದು, ಹಾದಿಯಿಂದಲೂ ಕಾಣದು. ಕಾಲೇಜಿನ ಹುಡುಗರು ಮೇಜಿನ ಲೆಕ್ಕಕ್ಕೆಂದು ಮಣ್ಣಿನ ಮಾದರಿ ಕೇಳಲು ಬಂದಾಗ ಬಾವಿಯ ಕಡೆಯ ಒಳ್ಳೆಯ ಮಣ್ಣನ್ನೇ ಕೊಟ್ಟ. ಸವಳು ಹೊಲದ ಮನೆತನ ಅನಿಸಿಕೊಂಡರೆ ಆ ಮನೆಗೆ ಯಾರೂ ಹೆಣ್ಣು ಕೊಡುವುದಿಲ್ಲ, ಆ ಮನೆಯವನ ಮಾತನ್ನು ಯಾರೂ ಕೇಳುವುದಿಲ್ಲ, ಅದಕ್ಕೇ ಹೆಂಡತಿಗೂ ಹೇಳಲಿಲ್ಲ ಎಂದ. ಮಷೀನು ಹಸಿರು ಎಂ‌ದಾಗ ಕೆರೆಯುತ್ತಾ ಇದ್ದರೆ ನಿಂತೀತು ಎಂದು ನಂಬಿದ್ದೆ, ನಂಬಬೇಕೆಂದೇ ನಂಬಿದ್ದೆ ಎಂದು ಹೇಳಿ ಟವೆಲ್ಲಿನಿಂದ ಬಾಯಿ ಒರೆಸಿಕೊಂಡ.

 ಸುಗಲಾಳಿಗೆ ಉಕ್ಕಿ ಬಂದದ್ದು ಮೊದಲು ಸಿಟ್ಟು. ಮೂರು ವರ್ಷ ಅವನ ಕಾಲಿಗೆ ನೀರು ಕೊಟ್ಟಿದ್ದಾಳೆ, ಆ ಕಾಲಿನ ಹಿಮ್ಮಡಿ ಒಡೆದದ್ದಕ್ಕೆ ಮುಲಾಮು ತಂದುಕೊಟ್ಟಿದ್ದಾಳೆ, ಯಾಕೆ ಒಡೆಯಿತೆಂದು ಕೇಳಿಲ್ಲ. ತರಗತಿಯಲ್ಲಿ ಉಪ್ಪು ಮಣ್ಣಿನ ಲಕ್ಷಣಗಳನ್ನು ಅಂಕಕ್ಕೊಂದರಂತೆ ಬರೆಸಿದವಳು ತಾನೇ. ಆ ಸಿಟ್ಟು ಅವನ ಮೇಲೆಯೋ ತನ್ನ ಮೇಲೆಯೋ ಎಂದು ತೀರ್ಮಾನವಾಗುವ ಮೊದಲೇ ಗುರುಪಾದಪ್ಪ ಕೋಲೂರಿ ಎದ್ದ.

"ನಂದು ನಾಕು ವರ್ಷ," ಎಂದ ಮುದುಕ. "ನಾ ಮ್ಯಾಲೆ ಸೆಗಣಿಗೊಬ್ಬರ ಹರವಿ ಮುಚ್ಚತೇನಿ."

ಆಮೇಲೆ ಒಬ್ಬೊಬ್ಬರೇ ಬಾಯಿಬಿಟ್ಟರು. ಒಬ್ಬ ಬೇರೆ ಕಡೆಯ ಮಣ್ಣು ಹೇರಿಸಿದ್ದ. ಒಬ್ಬ ಆ ಜಾಗದಲ್ಲಿ ಬಣವೆ ಒಟ್ಟಿದ್ದ. ಒಬ್ಬ ಅಲ್ಲೇ ಕೊಟ್ಟಿಗೆ ಕಟ್ಟಿಸಿದ್ದ, ಹೊಲದ ನಡುವೆ ಕೊಟ್ಟಿಗೆ ಯಾಕೆಂದು ಊರೆಲ್ಲ ನಕ್ಕಾಗ ತಾನೂ ನಕ್ಕಿದ್ದ. ಬೆಳಗಿನ ಜಾವ ಹೊಲಕ್ಕೆ ಹೋಗುವಾಗ ಹಾದಿಯಲ್ಲಿ ಒಬ್ಬರಿಗೊಬ್ಬರು ಸಿಕ್ಕು, ಏನು ಇಷ್ಟು ಬೇಗ ಎಂದು ಕೇಳಿ, ಹೀಗೇ ಸುಮ್ಮನೆ ಎಂದು ಹೇಳಿ ಮುಂದೆ ಹೋದವರೇ ಅವರೆಲ್ಲ. ಹದಿನೆಂಟು ಜನರಲ್ಲಿ ಹದಿಮೂರು ಜನ ಒಪ್ಪಿಕೊಂಡರು. ಉಳಿದವರು ನೆಲ ನೋಡುತ್ತ ಕೂತರು.

ಆ ಸಂಜೆ ಹದಿನೇಳು ಸಹಿ ಬಿದ್ದವು. ಹಳ್ಳದ ಬಾಯಿಯ ಹೊಲದವನು ಮಾತ್ರ ಅಣ್ಣನನ್ನು ಕೇಳಿ ಎರಡು ದಿನದಲ್ಲಿ ಹೇಳುತ್ತೇನೆ ಎಂದ. ಒಲ್ಲೆ ಎನ್ನಲಿಲ್ಲ. ಗಂಡಹೆಂಡಿರು ಮನೆಗೆ ನಡೆದರು. ಹಿತ್ತಲ ಬಾಗಿಲ ಹತ್ತಿರ ಸುಗಲಾ ನಿಂತು, "ನನಗರ ಹೇಳಬೇಕಿತ್ತು ನೀವು," ಎಂದಳು. ಶಿವಪುತ್ರ, ಹೇಳಿದರೆ ನೀನು ನಲವತ್ತು ಹುಡುಗರಿಗೆ ಮಣ್ಣು ತುಂಬುವ ಬಾಟಲಿ ಹಿಡಿಸಿ ಹೊಲಕ್ಕೆ ಕರೆತರುತ್ತಿದ್ದೆ ಎಂದ. ಅದು ನಿಜವಾದ್ದರಿಂದ ಅವಳಿಗೆ ಅಳುವಿನ ನಡುವೆ ನಗು ಬಂತು.

ಮರುದಿನ ರವಿವಾರ ಮುಂಜಾನೆ ಎಂಟಕ್ಕೆ ಅವಳು ಅಡುಗೆಮನೆಯಿಂದಲೇ ಐಸಾನೆಮ್‌ಗೆ ವಿಡಿಯೋ ಫೋನು ಹಚ್ಚಿದಳು. ಆ ಕಡೆ ಐಸಾನೆಮ್ ಕೂಡ ಒಲೆಯ ಮುಂದೆ ಕೂತು ಹಿಟ್ಟು ನಾದುತ್ತಿದ್ದಳು. ಸಂಚಾಲಕರ ಉತ್ತರ ಇನ್ನೂ ಬಂದಿಲ್ಲ, ಆದರೂ ಲೆಕ್ಕ ಇನ್ನೊಮ್ಮೆ ತಿದ್ದಬೇಕು ಎಂದಳು ಸುಗಲಾ. ಏಳನೆಯ ವರ್ಷವಲ್ಲ, ನಾಲ್ಕು ವರ್ಷ ಹಿಂದಿನಿಂದ ಶುರು ಮಾಡಬೇಕು. ಪಟ್ಟಿಗೆ ಇನ್ನೊಂದು ನಡತೆ ಸೇರಿಸಬೇಕು: ಸವಳು ಕೆರೆದು ಮುಚ್ಚಿಡುವುದು, ದಿನಕ್ಕೊಮ್ಮೆ, ಬೆಳಕು ಹರಿಯುವ ಮುಂಚೆ, ಮನೆಯವರಿಗೂ ತಿಳಿಯದಂತೆ. ಹದಿಮೂರು ಮನೆಯವರು ಬಾಯಿಬಿಟ್ಟು ಹೇಳಿದ್ದು ಎಂದಳು.

ಐಸಾನೆಮ್‌ಳ ಕೈ ಹಿಟ್ಟಿನಲ್ಲೇ ನಿಂತಿತು. ಅವಳು ಕಿಟಕಿಯಾಚೆ ನೋಡಿದಳು.  ಆಮೇಲೆ ಅವಳ ತಗ್ಗಿದ ದನಿಯ ಹಿಂದೆ ಅನುವಾದದ ಗುಂಡಿಯ ಪುಸ್ತಕದ ಕನ್ನಡ ಬಂತು.

"ನನ್ನ ಪತಿಯು ಪ್ರತಿ ಮುಂಜಾನೆ ನನಗಿಂತ ಮೊದಲು ಎದ್ದು ಹೊರಗೆ ಹೋಗುತ್ತಾರೆ. ಎಲ್ಲಿಗೆ ಎಂದು ನಾನು ಒಮ್ಮೆಯೂ ಕೇಳಿಲ್ಲ. ದಯವಿಟ್ಟು ನೀವು ಹೋಗಬೇಡಿ, ನಾನು ಕೇಳಿ ಬರುತ್ತೇನೆ."

ಅವಳು ಹಿಟ್ಟಿನ ಕೈಯಲ್ಲೇ ಎದ್ದು ಬಾಗಿಲು ತೆರೆದು ಹೊರಗೆ ಹೋದಳು. ತೆರೆಯ ಮೇಲೆ ಅರ್ಧ ನಾದಿದ ಹಿಟ್ಟು ಉಳಿಯಿತು. ಸುಗಲಾ ಒಲೆ ಆರಿಸಿ, ಫೋನನ್ನು ಗೋಡೆಗೆ ಒರಗಿಸಿ, ಅದರ ಮುಂದೆ ಕಾಯುತ್ತ ಕೂತಳು.